ಟ್ಯಾಬ್ ಒತ್ತಿದಾಗ ಶೆಲ್ ತಡೆದು ನಿಲ್ಲುವ ಬಗ್ಗೆ

ಸದಸ್ಯರೆಲ್ಲರಿಗೂ ನಮಸ್ಕಾರ. ಭಾನುವಾರ ಪುಣೆಯ ಕೋಥರೂಡಿನಲ್ಲಿ ಸೇರಿದ್ದಾಗ, ಟರ್ಮಿನಲ್‌ನಲ್ಲಿ (ಕಮಾಂಡುಗಳನ್ನು ಟೈಪಿಸುವ ಕಿಟಕಿಯಲ್ಲಿ) ಟ್ಯಾಬ್ ಒತ್ತಿದರೆ ಪದ ಪೂರ್ಣಗೊಳ್ಳಲು ನಾಲ್ಕೈದು ಸೆಕೆಂಡು ಹಿಡಿಯುತ್ತದೆ ಎಂದು ಇಬ್ಬರು ಹೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಸಾಲಿನ ಮೊದಲ ಪದಕ್ಕೆ ಟ್ಯಾಬ್ ಒತ್ತಿದಾಗ ಬ್ಯಾಶ್ (ನಾವು ಟೈಪಿಸಿದ ಕಮಾಂಡುಗಳನ್ನು ನಡೆಸುವ ಶೆಲ್), ಪಾತ್‌ನಲ್ಲಿ, ಅಂದರೆ ಪ್ರೋಗ್ರಾಂಗಳನ್ನು ಹುಡುಕಬೇಕಾದ ಡೈರೆಕ್ಟರಿಗಳ ಪಟ್ಟಿಯಲ್ಲಿ, ನಮೂದಾಗಿರುವ ಪ್ರತಿಯೊಂದು ಡೈರೆಕ್ಟರಿಯನ್ನೂ ತೆರೆದು ಹೊಂದುವ ಹೆಸರುಗಳನ್ನು ಹುಡುಕುತ್ತದೆ. ಅವುಗಳಲ್ಲಿ ಒಂದೇ ಒಂದು ನೆಟ್‌ವರ್ಕ್ ಡ್ರೈವ್‌ನಲ್ಲಿದ್ದರೂ ಸಾಕು, ಅಲ್ಲಿಂದ ಉತ್ತರ ಬರುವವರೆಗೆ ಅದು ಕಾಯುತ್ತಲೇ ಇರುತ್ತದೆ. ನನಗೆ ಆಗಿದ್ದೂ ಇದೇ. ಕಚೇರಿಯಲ್ಲಿ ಚುರುಕಾಗಿದ್ದ ಲ್ಯಾಪ್‌ಟಾಪ್ ಮನೆಗೆ ಬಂದೊಡನೆ ನಿಧಾನವಾಗುತ್ತಿತ್ತು. ಎಂದೋ ಸೇರಿಸಿ ಮರೆತಿದ್ದ ಒಂದು ನೆಟ್‌ವರ್ಕ್ ವಿಳಾಸವನ್ನು ಪಾತ್‌ನಿಂದ ತೆಗೆದ ಮೇಲೆ ಸರಿಹೋಯಿತು.

ವಿಂಡೋಸ್ ಒಳಗೇ ಲಿನಕ್ಸ್ ನಡೆಸುವ ಡಬ್ಲ್ಯುಎಸ್‌ಎಲ್ ಬಳಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಅಲ್ಲಿ ವಿಂಡೋಸ್‌ನ ಪಾತ್ ಕೂಡ ತಾನಾಗಿ ಸೇರಿಕೊಳ್ಳುತ್ತದೆ ಮತ್ತು ಲಿನಕ್ಸ್ ಕಡೆಯಿಂದ ಸಿ ಡ್ರೈವ್ ಓದುವುದು ನಿಧಾನ. ಇಟಿಸಿ ಡೈರೆಕ್ಟರಿಯ ಡಬ್ಲ್ಯುಎಸ್‌ಎಲ್ ಡಾಟ್ ಕಾನ್ಫ್ ಫೈಲಿನಲ್ಲಿ, ಇಂಟರಾಪ್ ವಿಭಾಗದಡಿ, ಅಪೆಂಡ್‌ವಿಂಡೋಸ್‌ಪಾತ್ ಎಂಬುದಕ್ಕೆ ಫಾಲ್ಸ್ ಎಂದು ಕೊಟ್ಟು, ಡಬ್ಲ್ಯುಎಸ್‌ಎಲ್ ಅನ್ನು ಪೂರ್ತಿ ನಿಲ್ಲಿಸಿ ಮತ್ತೆ ತೆರೆಯಿರಿ. ಆ ಬಳಿಕ ವಿಂಡೋಸ್ ಪ್ರೋಗ್ರಾಂಗಳನ್ನು ಪೂರ್ಣ ವಿಳಾಸ ಕೊಟ್ಟೇ ಕರೆಯಬೇಕಾಗುತ್ತದೆ. ನನ್ನ ಮಟ್ಟಿಗೆ ಅದು ದೊಡ್ಡ ತೊಂದರೆಯಲ್ಲ.

ಪಾತ್ ಸರಿಯಿದ್ದೂ ಗಿಟ್‌ನಂಥ ಯಾವುದೋ ಒಂದು ಕಮಾಂಡಿನ ನಂತರ ಟ್ಯಾಬ್ ಒತ್ತಿದಾಗ ಮಾತ್ರ ತಡವಾಗುತ್ತಿದ್ದರೆ, ಶೆಲ್ ನಡೆಸುವ ಪ್ರತಿ ಸಾಲನ್ನೂ ತೋರಿಸುವ ಸೆಟ್ ಮೈನಸ್ ಎಕ್ಸ್ ಕೊಟ್ಟು, ಅದೇ ಕಮಾಂಡನ್ನು ಬರೆದು ಒಂದು ಜಾಗ ಬಿಟ್ಟು ಟ್ಯಾಬ್ ಒತ್ತಿರಿ. ಪರದೆಯ ಮೇಲೆ ಸರಸರನೆ ಹರಿಯುವ ಸಾಲುಗಳು ಎಲ್ಲಿ ನಿಲ್ಲುತ್ತವೆಯೋ ಆ ಸಾಲನ್ನು ನಕಲಿಸಿ ಇಲ್ಲಿ ಹಾಕಿದರೆ ಒಟ್ಟಿಗೆ ನೋಡೋಣ. ಮುಗಿದ ಮೇಲೆ ಹಾಗೆ ತೋರಿಸುವುದನ್ನು ನಿಲ್ಲಿಸುವ ಸೆಟ್ ಪ್ಲಸ್ ಎಕ್ಸ್ ಕೊಡಲು ದಯವಿಟ್ಟು ಮರೆಯಬೇಡಿ.