ಸಿಟ್ಟು ಕಥೆಯ ಮೇಲಿರಲಿ

ಪ್ರೀತಿಯ ತಮ್ಮನಿಗೆ,

ನಿನ್ನ ಮೆಸೇಜುಗಳನ್ನೆಲ್ಲ ಓದಿದೆ. ಹೊಸ ಸಿನಿಮಾ ನೋಡಿ, ಚಿಕ್ಕಂದಿನಿಂದ ನೋಡಿದ ಅಂತರಿಕ್ಷ ಯುದ್ಧದ ಆ ಸ್ಟಾರ್ ವಾರ್ಸ್ ಸಿನಿಮಾ ಸರಣಿಯನ್ನೇ ಹಾಳು ಮಾಡಿಬಿಟ್ಟರು ಎಂದು ನಿನಗೆ ತುಂಬಾ ಸಿಟ್ಟು ಬಂದಿದೆ. ಅದರ ನಟಿಯ ಮುಖದ ಬಗ್ಗೆಯೂ ನೆಟ್‌ನಲ್ಲಿ ಎರಡು ಸಾಲು ಹಾಕಿದ್ದೀಯ. ಫೋನಿನಲ್ಲಾದರೆ ಮಾತು ಎಲ್ಲಿಂದೆಲ್ಲಿಗೋ ಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ನನ್ನ ಆಫೀಸಿನಲ್ಲಿ ವಯಸ್ಸಾದವರಿಗೆ 1977ರ ಮೊದಲ ಸಿನಿಮಾ, ಆಮೇಲೆ ಬಂದ ಎರಡು, ಅಷ್ಟೇ ಸ್ಟಾರ್ ವಾರ್ಸ್. 1999ರಿಂದ 2005ರೊಳಗೆ ಜಾರ್ಜ್ ಲ್ಯೂಕಾಸ್ ತೆಗೆದ ಮೂರನ್ನು ಅವರು ಇವತ್ತಿಗೂ ಒಪ್ಪುವುದಿಲ್ಲ. ಅವನ್ನು ಚಿಕ್ಕವರಿದ್ದಾಗ ನೋಡಿದವರಿಗೆ ಮಾತ್ರ ಅವೇ ಪ್ರಾಣ. 2025ರಲ್ಲಿ ಆ ಮೂರನೆಯದು ಮತ್ತೆ ಥಿಯೇಟರಿಗೆ ಬಂದಾಗ ಜನ ಮುಗಿಬಿದ್ದು ನೋಡಿದರು. ಅದೇ ಸಿನಿಮಾ, ಅದೇ ಡೈಲಾಗು. ಮಕ್ಕಳಾಗಿ ನೋಡಿದವರು ದೊಡ್ಡವರಾಗಿದ್ದರು, ಅಷ್ಟೆ. ಇವತ್ತು ನೀನು ಬೈಯುವ ಸಿನಿಮಾಕ್ಕೂ ಇನ್ನು ಇಪ್ಪತ್ತು ವರ್ಷಕ್ಕೆ ಹೀಗೇ ಜನ ಬರಬಹುದು, ಅಲ್ವಾ?

ಚಿಕ್ಕಂದಿನಲ್ಲಿ ನೋಡಿದ್ದರ ಮೇಲಿನ ಈ ಪ್ರೀತಿ ಸಿನಿಮಾ ಮಾಡುವ ಕಂಪನಿಗಳಿಗೂ ಚೆನ್ನಾಗಿ ಗೊತ್ತು. 2015ರ ಸ್ಟಾರ್ ವಾರ್ಸ್ ಸಿನಿಮಾದಲ್ಲಿ ಹಳೆಯ ನಟರು, ಹಳೆಯ ಅಂತರಿಕ್ಷ ಹಡಗು, ಹೆಚ್ಚುಕಡಿಮೆ ಹಳೆಯ ಕಥೆ. ಹೊಸದೇನಿದೆ ಎಂದು ಜನ ಕೇಳಿದರು. 2017ರ ಸಿನಿಮಾದಲ್ಲಿ ಹೊಸ ದಾರಿ ಹಿಡಿದರೆ, ಮೊದಲ ಸಿನಿಮಾಗಳ ನಾಯಕ ಲ್ಯೂಕ್‌ನನ್ನು ನೋಡಿ, ನಮ್ಮ ಲ್ಯೂಕ್ ಹೀಗಿರಲಿಲ್ಲ ಎಂದು ರೇಗಿದರು.

ಸಿಟ್ಟೇ ತಪ್ಪು ಎಂದು ನಾನು ಹೇಳುವುದಿಲ್ಲ. 1893ರಲ್ಲಿ ಲೇಖಕ ಕಾನನ್ ಡಾಯ್ಲ್ ತನ್ನ ಪತ್ತೇದಾರ ಷರ್ಲಾಕ್ ಹೋಮ್ಸ್‌ನನ್ನು ಕಥೆಯಲ್ಲಿ ಸಾಯಿಸಿದಾಗ ಓದುಗರು ಆ ಕಥೆ ಬರುತ್ತಿದ್ದ ಪತ್ರಿಕೆಯ ಚಂದಾ ನಿಲ್ಲಿಸಿದರು. 1903ರಲ್ಲಿ ಹೋಮ್ಸ್ ಬದುಕಿ ಬಂದ. 2019ರಲ್ಲಿ ವಿಡಿಯೋ ಗೇಮಿನ ಪಾತ್ರ ಸೋನಿಕ್ ಮೇಲಿನ ಸಿನಿಮಾದ ಟ್ರೈಲರ್ ನೋಡಿ, ಈ ಮುಖ ನಮ್ಮ ಸೋನಿಕ್‌ದಲ್ಲ ಎಂದು ಜನ ಗಲಾಟೆ ಮಾಡಿದರು. ಬಿಡುಗಡೆಯನ್ನು 2020ಕ್ಕೆ ಮುಂದೂಡಿ ಹೊಸದಾಗಿ ಚಿತ್ರಿಸಿದರು. ಸಿನಿಮಾಕ್ಕೆ ಒಳ್ಳೆಯದೇ ಆಯಿತು.

ನನಗೆ ನೋವಾಗುವುದು ಬೇರೆ ವಿಷಯಕ್ಕೆ. 1999ರ ಸ್ಟಾರ್ ವಾರ್ಸ್‌ನಲ್ಲಿ ಜಾರ್ ಜಾರ್ ಎಂಬ ತಮಾಷೆಯ ಪಾತ್ರ ಮಾಡಿದ ನಟ ಅಹ್ಮದ್ ಬೆಸ್ಟ್ ಎಷ್ಟು ಬೈಗುಳ ತಿಂದರೆಂದರೆ ಬದುಕೇ ಬೇಡ ಅನ್ನಿಸಿತ್ತಂತೆ. ಎಷ್ಟೋ ವರ್ಷದ ಮೇಲೆ, 2018ರಲ್ಲಿ, ಅವರೇ ಅದನ್ನು ಹೇಳಿಕೊಂಡರು. ಅದೇ ವರ್ಷ, 2017ರ ಸಿನಿಮಾದಲ್ಲಿ ರೋಸ್ ಪಾತ್ರ ಮಾಡಿದ ನಟಿ ಕೆಲ್ಲಿ ಮೇರಿ ಟ್ರಾನ್ ತಮ್ಮ ಇನ್‌ಸ್ಟಾಗ್ರಾಂ ಪೋಸ್ಟುಗಳನ್ನೆಲ್ಲ ಅಳಿಸಿಹಾಕಿದರು. ಅವರ ಬಣ್ಣ, ಮೈಕಟ್ಟು, ಮನೆತನದ ಮೂಲ, ಯಾವುದನ್ನೂ ಜನ ಬಿಟ್ಟಿರಲಿಲ್ಲ. ಕಥೆ ಬರೆದವರು ಅವರಲ್ಲ. ಕೊಟ್ಟ ಪಾತ್ರವನ್ನು ಮನಸ್ಸಿಟ್ಟು ಮಾಡಿದ್ದರು. ಮುಂದಿನ, 2019ರ ಸಿನಿಮಾದಲ್ಲಿ ರೋಸ್ ಕಾಣುವುದು ಒಂದೆರಡು ನಿಮಿಷ ಮಾತ್ರ. ಬೈದವರೇ ಗೆದ್ದ ಹಾಗಾಯಿತಲ್ಲ ಎಂದು ನನಗೆ ಇವತ್ತಿಗೂ ಬೇಸರ.

ಅಹ್ಮದ್ ಬೆಸ್ಟ್ 2023ರಲ್ಲಿ ಸ್ಟಾರ್ ವಾರ್ಸ್‌ನ ಟಿವಿ ಸರಣಿಯೊಂದರಲ್ಲಿ ಜೆಡೈ, ಅಂದರೆ ಆ ಕಥೆಯ ಕಾವಲುಗಾರ ಯೋಧ, ಆಗಿ ಬಂದರು. ಗ್ರೋಗು ಎಂಬ ಪುಟ್ಟ ಮರಿಯನ್ನು ಕಾಪಾಡುವುದೇ ಅವರು. ಆ ದೃಶ್ಯ ನೋಡಿ ನಾನು ಅತ್ತುಬಿಟ್ಟೆ. ನೀನು ನೋಡಿಲ್ಲದಿದ್ದರೆ ನೋಡು.

ಕಥೆ ಸರಿಯಿಲ್ಲ ಎಂದು ನೀನು ಬರೆದದ್ದರಲ್ಲಿ ಅರ್ಧ ನಾನೂ ಒಪ್ಪುತ್ತೇನೆ. ಅದು ಹಾಗೇ ಇರಲಿ, ಇನ್ನೂ ಜಾಸ್ತಿ ಬರಿ. ಆದರೆ ಆ ನಟಿಯ ಮುಖದ ಬಗ್ಗೆ ಹಾಕಿದ ಎರಡು ಸಾಲನ್ನು ಇವತ್ತೇ ತೆಗೆದುಹಾಕು. ಅದನ್ನು ಅವರು ಓದಿದರೂ ಓದಬಹುದು.

ಅಪ್ಪ ಅಮ್ಮನಿಗೆ ನಮಸ್ಕಾರ ಹೇಳು. ಭಾನುವಾರ ಫೋನ್ ಮಾಡುತ್ತೇನೆ.

ನಿನ್ನ ಅಕ್ಕ