ಲ್ಯಾಪ್‌ಟಾಪ್ ವಿಚಾರವಾಗಿ

ಉಡುಪಿ

ಚಿ. ಮಾಣಿಗೆ ಅತ್ತೆಯ ಆಶೀರ್ವಾದಗಳು.

ಮನೆಯ ಸುದ್ದಿಯನ್ನೆಲ್ಲ ನಿನ್ನ ಅಪ್ಪ ಹೇಳಿಯೇ ಇರುತ್ತಾನೆ. ಎಲ್ಲರ ಬಳಿಯೂ ಲಕ್ಷದ ಲ್ಯಾಪ್‌ಟಾಪ್ ಇದೆ, ಹಳೆಯದನ್ನು ಹಿಡಿದುಕೊಂಡರೆ ನನಗೆ ಪ್ರೋಗ್ರಾಮಿಂಗ್ ಬರುವುದೇ ಇಲ್ಲವೇನೋ, ಹಿಂದೆ ಬೀಳುತ್ತೇನೆ ಎಂದು ಬರೆದಿದ್ದೀಯಲ್ಲ, ಅದನ್ನು ಓದಿದಂದಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಅದರ ಬೆನ್ನಿಗೇ ಹೊಸದನ್ನು ಕೊಳ್ಳಲು ಅಮ್ಮನ ಬಳೆಯನ್ನು ಸೊಸೈಟಿಯಲ್ಲಿ ಅಡವಿಡುವ ಮಾತು ಬೇರೆ.

1980ರ ದಶಕದ ಕೊನೆಗೆ ನಮ್ಮ ಬ್ಯಾಂಕಿನ ಶಾಖೆಗೆ ಲೆಡ್ಜರ್ ಬರೆಯುವ ಯಂತ್ರ ಬಂತು. ಎಎಲ್‌ಪಿಎಂ ಎನ್ನುತ್ತಿದ್ದೆವು. ಅದಕ್ಕೊಂದು ಎ.ಸಿ. ಕೋಣೆ, ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗಬೇಕು. ಸಂಜೆಯಾದರೆ ಬಟ್ಟೆ ಹೊದಿಸುವುದು, ದೇವರಿಗೂ ಅಷ್ಟು ಮಡಿಯಿಲ್ಲ. ಹೇಳಿಕೊಟ್ಟ ಕೀಲಿಗಳನ್ನು ಬಿಟ್ಟು ಬೇರೆ ಒತ್ತಿದರೆ, 'ಹಾಳಾದರೆ ಯಾರು ಕಟ್ಟಿಕೊಡುತ್ತಾರೆ?' ಎಂಬ ಪ್ರಶ್ನೆ. ಒತ್ತಿದರೆ ಏನಾಗುತ್ತದೆಂದು ನೋಡುವ ಆಸೆ ನನಗೆ ಬಹಳವಿತ್ತು. ನಿವೃತ್ತಿಯಾಗುವವರೆಗೂ ಅದು ಆಸೆಯಾಗಿಯೇ ಉಳಿಯಿತು, ಈಗಲೂ ಚುರುಕ್ಕೆನ್ನುತ್ತದೆ. ಬಳೆ ಅಡವಿಟ್ಟು ತಂದ ಯಂತ್ರದಲ್ಲಿ ಇರುವುದನ್ನೆಲ್ಲ ಅಳಿಸಿ ವಿಂಡೋಸ್ ಬದಲಿಗೆ ಲಿನಕ್ಸ್ ಹಾಕಿ ನೋಡಲು ನಿನಗೆ ಕೈ ಬಂದೀತೇ? ನನಗಂತೂ ಅನುಮಾನ.

ಸಿ ಭಾಷೆಯ ಪ್ರೋಗ್ರಾಮಿನಲ್ಲಿ ಒಂದು ಸೆಮಿಕೋಲನ್ ಬಿಟ್ಟರೆ ಲಕ್ಷದ ಯಂತ್ರವೂ ತಪ್ಪೆಂದೇ ತೋರಿಸುತ್ತದೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ, ಮುಗಿಯದ ಲೂಪ್ ಬರೆದರೆ ಅದರಲ್ಲೂ ಮುಗಿಯುವುದಿಲ್ಲ. ಹಿಂದೆ ಬೀಳುವುದು ಎಂದರೆ ಏನು ಮಾಣಿ, ಯಾರಿಂದ ಹಿಂದೆ?

ನಾನು ತಿಳಿದವಳಲ್ಲ, ಆದರೂ ಹೇಳುತ್ತೇನೆ. ಸಿ, ಪೈಥಾನ್ ಕಲಿಯಲು 8 ಜಿಬಿ ರ‍್ಯಾಮ್ ಧಾರಾಳ; ಅದು ಕೆಲಸ ಮಾಡುವಾಗ ಯಂತ್ರ ಬಳಸುವ ನೆನಪು. ತಿರುಗುವ ಹಾರ್ಡ್ ಡಿಸ್ಕ್ ಬೇಡ, ಅದಕ್ಕಿಂತ ಬೇಗ ಓದಿ ಬರೆಯುವ ಎಸ್‌ಎಸ್‌ಡಿಯೇ ಇರಲಿ. ಹಳೆಯ ಯಂತ್ರಕ್ಕೂ ಅದರಿಂದ ಜೀವ ಬರುತ್ತದೆ. ಮುಂದೆ ಫೋನಿನ ಆ್ಯಪ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೋ ಬೇಕಾದರೆ 16 ಜಿಬಿ ಒಳ್ಳೆಯದು, ಆದ್ದರಿಂದ ರ‍್ಯಾಮ್ ಹೆಚ್ಚಿಸಲು ಜಾಗವಿದೆಯೇ ಕೇಳು. ಗ್ರಾಫಿಕ್ಸ್ ಕಾರ್ಡಿನ ಗೋಜು ಈಗೇಕೆ? ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್‌ನ ಬೆಂಬಲ ನಿಂತುಹೋಯಿತು. ವಿಂಡೋಸ್ 11 ಹಾಕಲಾಗದ ಯಂತ್ರ ಅಗ್ಗಕ್ಕೆ ಸಿಕ್ಕರೆ ಅದನ್ನೇ ತಂದು ಲಿನಕ್ಸ್ ಹಾಕಿಕೋ, ಲಿನಕ್ಸ್‌ಗೆ ದುಡ್ಡು ಕೊಡಬೇಕಾಗಿಲ್ಲ. ಕಾಲೇಜಿನಲ್ಲಿ ವಿಂಡೋಸೇ ಬೇಕೆನ್ನುತ್ತಾರೋ ಏನೋ, ಮೇಷ್ಟ್ರನ್ನು ಕೇಳಿಕೋ.

ಮಂಗಳೂರಿನ ಹಂಪನಕಟ್ಟೆಯ ಕಡೆ ವಿಚಾರಿಸುವಾಗ ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆಂದು ಅಲ್ಲೇ ಕುಳಿತು ನೋಡು, ಮಳೆಗಾಲದಲ್ಲಿ ಕರೆಂಟಿನ ಕಥೆ ಗೊತ್ತೇ ಇದೆ. ಪ್ರತಿ ಕೀಲಿಯನ್ನೂ ಒತ್ತಿ ನೋಡು. ಅಂಗಡಿಯವನು ಗೊಣಗಿದರೆ ಗೊಣಗಲಿ.

ಬಳೆಯ ವಿಚಾರ ನಾನು ನಿನ್ನ ಅಪ್ಪನೊಡನೆ ಮಾತನಾಡುತ್ತೇನೆ. ಅಲ್ಲಿಯವರೆಗೆ ಯಾರಿಗೂ ಮುಂಗಡ ಕೊಡಬೇಡ.

ನಿನ್ನ ಅತ್ತೆ