ಕೊಟ್ಟಿಗೆಹಾರದ ಮೆಕ್ಯಾನಿಕ್ ಅಣ್ಣನಿಗೆ ಥ್ಯಾಂಕ್ಸ್

ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರ ತಲುಪುವಷ್ಟರಲ್ಲಿ ಅಪ್ಪನ ಕಾಲದ ಎಂಜಿಬಿ ಕಾರು ಗಕ್ಕನೆ ನಿಂತುಬಿಟ್ಟಿತು. ಬಾನೆಟ್ ಎತ್ತಿದರೆ ಗಪ್ ಅಂತ ಪೆಟ್ರೋಲ್ ವಾಸನೆ. ಜೊತೆಗೆ 70 ದಾಟಿದ ಅಮ್ಮ.

ಜೀಪ್ ರಿಪೇರಿ ಮಾಡುವ ಅಣ್ಣ ಒಬ್ಬರು ಬಂದರು. ಮೊದಲು ಅಮ್ಮನಿಗೆ ಕುರ್ಚಿ ಹಾಕಿಸಿದರು. ಆಮೇಲೆ ಬ್ಯಾಟರಿ ವೈರ್ ಬಿಚ್ಚಿಟ್ಟು, ಇಂಜಿನ್ ತಣ್ಣಗಾಗುವವರೆಗೆ ಸ್ಪ್ಯಾನರ್ ಮುಟ್ಟಲೇ ಇಲ್ಲ. ಈ ಕಾರಿಗೆ ಎರಡು ಎಸ್‌ಯು ಕಂಪನಿಯ ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್‌ಗೆ ಕಳಿಸುವ ಭಾಗ), ಅವುಗಳ ಕೆಳಗೇ ಕಾದಿರುವ ಎಕ್ಸಾಸ್ಟ್, ಅಂದರೆ ಹೊಗೆ ಕೊಳವೆ. ಅಲ್ಲಿ ಪೆಟ್ರೋಲ್ ಸೋರಿದರೆ ಬೆಂಕಿ ಹತ್ತಲು ಎಷ್ಟು ಹೊತ್ತು ಬೇಕು, ಅಲ್ವಾ?

ಎರಡು ಕಾರ್ಬುರೇಟರ್ ನಡುವಿನ ರಬ್ಬರ್ ಹೋಸ್ ಬಿರುಕು ಬಿಟ್ಟಿತ್ತು. ಬೆರಳಲ್ಲಿ ಬಗ್ಗಿಸಿ ತೋರಿಸಿದರು. "ಈಗಿನ ಪೆಟ್ರೋಲಲ್ಲಿ ಎಥನಾಲ್ ಇರತ್ತೆ ಸಾರ್, ಹಳೇ ರಬ್ಬರ್ ತಡೆಯಲ್ಲ." ಎಥನಾಲ್ ತಡೆಯುವ ಹೋಸ್ ಅಳೆದು ಕತ್ತರಿಸಿ, ಒಳಗೆ ರಬ್ಬರ್ ಚೂರು ಉಳಿಯದಂತೆ ಊದಿದರು. ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಪುಟ್ಟ ಡಬ್ಬಿಗೆ (ಫ್ಲೋಟ್ ಚೇಂಬರ್) ಪೆಟ್ರೋಲ್ ಬರುವುದನ್ನು ತಡೆಯುವ ಸೂಜಿಗೆ ಒಂದು ಚೂರು ಸಿಕ್ಕರೂ ಪೆಟ್ರೋಲ್ ಉಕ್ಕುತ್ತದೆ. ಹೋಸ್ ಎಕ್ಸಾಸ್ಟ್‌ಗೆ ತಾಗದಂತೆ ಎತ್ತಿ ಕಟ್ಟಿದರು. ಬ್ಯಾಟರಿ ವೈರ್ ಮತ್ತೆ ಜೋಡಿಸಿ, ಇಂಜಿನ್ ಸ್ಟಾರ್ಟ್ ಮಾಡದೆ ಬರೀ ಇಗ್ನಿಷನ್ ಹಾಕಿಸಿ, ಪೆಟ್ರೋಲ್ ತುಂಬಿ ಪಂಪಿನ ಟಿಕ್ ಟಿಕ್ ನಿಂತ ಮೇಲೆ ಒಂದೊಂದು ಕ್ಲಿಪ್ ಸುತ್ತಲೂ ಒಣ ಬೆರಳು ಆಡಿಸಿ ನೋಡಿದರು. ಎಲ್ಲೂ ಪಸೆ ಇರಲಿಲ್ಲ. ನನಗೆ ಹೋದ ಜೀವ ಬಂದಂತಾಯಿತು.

ಹೋಸಿನ ದುಡ್ಡು ಬಿಟ್ಟು ಜಾಸ್ತಿ ತಗೊಳ್ಳಲಿಲ್ಲ. ಹೆಸರು ಕೇಳುವ ಮೊದಲೇ ಇನ್ನೊಂದು ಜೀಪಿನ ಕೆಳಗೆ ನುಸುಳಿದರು. ಅಣ್ಣಾ, ಕತ್ತಲಾಗುವ ಮುಂಚೆಯೇ ಚಿಕ್ಕಮಗಳೂರಿನ ಮನೆ ಸೇರಿದೆವು. ಅಮ್ಮ ನಿಮ್ಮನ್ನು ತುಂಬಾ ಕೇಳಿದರು.